ನೋವಿಗೆಲ್ಲ ಕಾರಣ ಹೇಳುವ ರೂತವ್ವ
ಹುಕ್ಕೇರಿಯ ರೂತವ್ವನಿಗೆ ಮೈತುಂಬ ನೋವು, ಬಾಯಿತುಂಬ ನಗು. ಚರ್ಚಿನ ಸಭೆಯವರಲ್ಲಿ ಯಾರೇ ಹಾಸಿಗೆ ಹಿಡಿಯಲಿ, ಮೊದಲ ಬಸ್ಸಿಗೇ ಹೊರಟು ಮಂಚದ ಪಕ್ಕ ಹಾಜರು. "ದೇವರು ನೋವು ಸುಮ್ಮನ ಕೊಡಂಗಿಲ್ರಿ" ಎಂದು ಶುರುಮಾಡುವಳು. "ಹಲ್ಲುನೋವು ಕೊಟ್ಟಿದ್ದು ನಾ ಮಂದಿ ಸುದ್ದಿ ಆಡಬಾರದಂತ. ಮೊಣಕಾಲು ನೋವು ಕೊಟ್ಟಿದ್ದು ಪ್ರಾರ್ಥನಿ ಉದ್ದ ಆಗಲಿ ಅಂತ. ಒಮ್ಮಿ ಊರಿದ್ರ ಏಳಾಕ ಬರಂಗಿಲ್ಲ ನೋಡ್ರಿ." ತನ್ನ ಗಂಟಲು ಕಟ್ಟಿದ್ದು ಹಾಡುವಾಗ ಉಳಿದವರ ದನಿಯೂ ಕೇಳಲೆಂದಂತೆ. ಆಪರೇಷನ್ ಆದವರು ಹೊಟ್ಟೆ ಹಿಡಿದುಕೊಂಡು ನಗುತ್ತ, "ಸಾಕ್ರಿ ಆಯಿ, ಹೊಲಿಗಿ ಬಿಚ್ಚತಾವ" ಎಂದು ಬೇಡಿಕೊಳ್ಳುತ್ತಿದ್ದರು. ಹೋದ ತಿಂಗಳು ಗೋಕಾಕದಲ್ಲಿ ಪ್ರೇಮಲತಾಳ ಎಂಟು ತಿಂಗಳ ಕೂಸು ತೀರಿಕೊಂಡಿತು. ಬಾಗಿಲಿಗೆ ಬಂದ ರೂತವ್ವನನ್ನು ಆ ತಾಯಿ ಕೇಳಿದಳು: "ಆಯಿ, ಈ ನೋವು ದೇವರು ಯಾತಕ್ಕ ಕೊಟ್ಟ, ಹೇಳ್ರಿ." ರೂತವ್ವ ಚಪ್ಪಲಿ ಬಿಟ್ಟು ಒಳಗೆ ಬಂದು ಅವಳ ಪಕ್ಕ ಕುಳಿತಳು. ಇಷ್ಟು ವರ್ಷ ತಾನು ಹೇಳಿದ್ದೆಲ್ಲ ತನ್ನ ನೋವಿನ ಕಾರಣಗಳು, ಇನ್ನೊಬ್ಬರದಲ್ಲ ಎಂದು ಅವಳಿಗೆ ಆಗ ಹೊಳೆಯಿತು. "ನನಗ ಗೊತ್ತಿಲ್ಲವಾ," ಎಂದಳು. "ಗೆಳೆಯ ಲಾಜರ ಸತ್ತಾಗ ಯೇಸುಸ್ವಾಮಿನೂ ಮೊದಲ ಅತ್ತಾನ. ನಾವೂ ಅಳೂಣು ಬಾ." ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಮೂರು ದಿನದಿಂದ ಏನೂ ಮುಟ್ಟದಿದ್ದ ಪ್ರೇಮಲತಾ ಸಂಜೆಗೆ ರೂತವ್ವನ ಕೈಯಿಂದ ಎರಡು ತುತ್ತು ರೊಟ್ಟಿ ತಿಂದಳು.