ಉಡಿ ತುಂಬಿದವರು ಹಾಕಿದ ಛಾವಣಿ

ಕಳೆದ ಭಾನುವಾರ ಇಳಕಲ್ಲಿನ ನಮ್ಮ ಓಣಿಯ ಅಂಗನವಾಡಿಯ ಛಾವಣಿಯಿಂದ ರೊಟ್ಟಿ ಹೆಂಚಿನಷ್ಟು ಅಗಲದ ಕಾಂಕ್ರೀಟು ಕಳಚಿ ಬಿತ್ತು. ಬಿದ್ದದ್ದು ಮಕ್ಕಳು ಕೂರುವ ಜಮಖಾನೆಯ ಮೇಲೆ. ರಜೆ ಇತ್ತು, ಮಕ್ಕಳು ಬದುಕಿದವು. ಕಟ್ಟಡಕ್ಕೆ ಇನ್ನೂ ವರ್ಷ ತುಂಬಿಲ್ಲ.

ಆದರೆ ನಾನು ನಿಜಕ್ಕೂ ಹೆದರಿದ್ದು ಅವತ್ತಲ್ಲ, ಮಂಗಳವಾರ ಎಂಜಿನಿಯರ್ ಬಂದಾಗ. ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ.

ಎಂಜಿನಿಯರ್ ಓಣಿಯ ಹೆಂಗಸರನ್ನು ಕರೆದರು. "ಕೆಲಸ ಹೆಂಗ ನಡದಿತ್ತು, ನೋಡಿದವ್ರು ಹೇಳ್ರಿ. ದೂರು ಇದ್ರ ಪೂರಾ ಕೆಡವಿ ಹೊಸದಾಗಿ ಹಾಕಸ್ತೀವಿ. ಇಲ್ಲಂದ್ರ ತೇಪಿ ಹಚ್ಚೂದು." (ಎದುರಿಗೆ ಬಿದ್ದಿರುವ ಕಾಂಕ್ರೀಟೇ ದೂರಲ್ಲವೇ?)

ಪಕ್ಕದ ಮನೆಯ ಗಂಗವ್ವ ಮುಂದೆ ಬಂದಳು. ಅವಳ ಮೊಮ್ಮಗಳು ದಿನಾ ಕೂರುವುದು ಅದೇ ಜಾಗದಲ್ಲಿ. ಸಿಮೆಂಟು ಕಡಿಮೆ ಹಾಕಿದರು, ನೀರು ಹೊಡೆಯಲೇ ಇಲ್ಲ ಎಂದು ಬೆಳಿಗ್ಗೆಯಷ್ಟೇ ನನ್ನೆದುರು ಕೂಗಾಡಿದ್ದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಎಂಜಿನಿಯರ್ ಜೊತೆ ಬಂದಿದ್ದ, ಈ ಕಟ್ಟಡ ಕಟ್ಟಿದ ಗುತ್ತಿಗೆದಾರ ಕೈ ಮುಗಿದ.

"ಗಂಗಕ್ಕಾ, ಇಲೆಕ್ಷನ್ ಮುಂದ ನಮ್ಮ ಮನಿಯಾಕಿ ಬಂದು ನಿನ್ನ ಉಡಿ ತುಂಬ್ಯಾಳಿಲ್ಲೋ? ಅಂದ್ರ ನಾ ನಿನಗ ತಮ್ಮ ಆದ್ನಿಲ್ಲೋ? ತಮ್ಮನ ಮ್ಯಾಗ ಸಾಕ್ಷಿ ಹೇಳ್ತಿಯೇನ?"

ನೆನಪು ನನಗೂ ಇತ್ತು. ಹೆಂಗಸರ ಗುಂಪೊಂದು ಮನೆಮನೆಗೆ ಬಂದು, ಮಣೆ ಹಾಕಿಸಿ, ಕುಂಕುಮ ಹಚ್ಚಿ, ಸೀರೆ, ಖಣ, ಅಕ್ಕಿ, ಕೊಬ್ಬರಿಯನ್ನು ಸೆರಗಿಗೆ ಹಾಕಿ ಮಡಿಲು ತುಂಬಿತ್ತು. ಥೇಟ್ ತವರಿನವರ ಹಾಗೆ. ಹೋಗುವಾಗ ಅಭ್ಯರ್ಥಿಯ ಹೆಸರು ಹೇಳಿತ್ತು. ಉಡಿಯನ್ನು ಬೇಡ ಎನ್ನುವ ಹೆಂಗಸು ನಮ್ಮ ಕಡೆ ಉಂಟೇ?

"ಅವು ಸಾಹೇಬ್ರ ಸೀರಿ ಅಲ್ಲೇನಪಾ?" ಎಂದಳು ಗಂಗವ್ವ.

"ಹೆಸರು ಸಾಹೇಬ್ರದು, ರೊಕ್ಕ ನಂದು. ಅವ್ರು ಆರಿಸಿ ಬಂದ್ರು, ನನಗ ಈ ಕೆಲಸ ಕೊಡಿಸಿದ್ರು. ಇದ್ರಾಗ ಮುಚ್ಚೂದೇನೈತಿ?"

ಎಂಜಿನಿಯರ್ ಎದುರಿಗೇ ಹೇಳಿದ. ದನಿ ಕೂಡ ತಗ್ಗಿಸಲಿಲ್ಲ! ಎಂಜಿನಿಯರ್ ಛಾವಣಿ ನೋಡುತ್ತ ನಿಂತರು. ಗಂಗವ್ವ ಸೆರಗು ಸರಿಮಾಡಿಕೊಂಡು ಹಿಂದೆ ಸರಿದಳು.

ಮಾತಾಡಿದವಳು ಎದುರು ಮನೆಯ ರಾಜಮಾ ಒಬ್ಬಳೇ. "ನಾವು ಮುಸಲ್ಮಾನ್ರು, ನನ್ನ ಉಡಿ ಯಾರೂ ತುಂಬಿಲ್ಲ ಭಾಯಿ. ನನಗ ಸೀರಿ ಚೀಲದಾಗ ಹಾಕಿ ಕೊಟ್ಟು ಹೋದ್ರಿ. ಅದಕ್ಕ ನಾ ಹೇಳ್ತೇನಿ. ಉಗರಿಲೆ ಕೆರದ್ರ ಉಸುಕು ಉದರ್ತೈತಿ, ನೋಡ್ರಿ ಸರ!"

ಯಾರೋ ನಕ್ಕರು. "ಒಬ್ರೇ ಹೇಳಿದ್ರ ಹೆಂಗ್ರಿ?" ಎನ್ನುತ್ತ ಎಂಜಿನಿಯರ್ ಉಳಿದವರ ಮುಖ ನೋಡಿದರು. ಒಬ್ಬೊಬ್ಬರೇ ಮನೆಯ ದಾರಿ ಹಿಡಿದರು. ತೇಪೆ ಎಂದೇ ನಿರ್ಧಾರವಾಯಿತು.

ಆಮೇಲೆ ಗಂಗವ್ವನನ್ನು ಕೇಳಿದೆ, ಯಾಕೆ ಸುಮ್ಮನಾದೆ ಎಂದು. ಅವಳ ಕಣ್ಣು ತುಂಬಿತ್ತು. "ಸೀರಿ ತಿರುಗಿ ಕೊಡಬಹುದ್ರಿ ಸರ. ತುಂಬಿದ ಉಡಿ ತಿರುಗಿ ಕೊಡಾಕ ಬರ್ತೈತೇನ್ರಿ?"

ಅಭ್ಯರ್ಥಿಯ ಖರ್ಚಿಗೆ ಮಿತಿ ಇದೆ. ಚೆಕ್‌ಪೋಸ್ಟಿನಲ್ಲಿ ಕಾರಿನ ಡಿಕ್ಕಿ ತೆರೆಸುತ್ತಾರೆ. ಚುನಾವಣೆಗೆ ಹಣ ಹಾಕಿದವರಿಗೆ ಸರಕಾರಿ ಗುತ್ತಿಗೆ ಸಿಗಬಾರದು ಎಂದು ನಾವೂ ಭಾಷಣ ಮಾಡುತ್ತೇವೆ. ಹಾಕಿದವರು ಯಾರೆಂದು ತಿಳಿಯುವುದೇ ಕಷ್ಟ ಎಂದುಕೊಂಡಿದ್ದೆ. ಇಲ್ಲಿ ಹಾಕಿದವನೇ ನಿಂತು ಹೇಳಿದ. ಓಣಿಯೆಲ್ಲ ಕೇಳಿಸಿಕೊಂಡಿತು. ಏನಾಯಿತು? ಅವನು ತಮ್ಮನಾದ, ಅಷ್ಟೇ.

ತೇಪೆ ಹಚ್ಚಿದ್ದಾರೆ, ಸುಣ್ಣವೂ ಆಗಿದೆ. ಸೋಮವಾರ ಮಕ್ಕಳು ಮತ್ತೆ ಅದರ ಕೆಳಗೇ ಕೂರುತ್ತವೆ.

ಅವು ಯಾರಿಂದ ಉಡಿ ತುಂಬಿಸಿಕೊಂಡಿದ್ದವು?