ಬಾವನನ್ನು ಕರೆತರಲು ಮಳವಳ್ಳಿಗೆ

ಭಾನುವಾರ ಬೆಳಿಗ್ಗೆ ನಾನು ಮಂಡ್ಯದ ಮನೆಯಿಂದ ಹೊರಡುವಾಗ ಅಕ್ಕ ಹೇಳಿದ್ದು ಇಷ್ಟೇ: "ಬಾವನ್ನ ಕರ್ಕೊಂಡು ಬಾ. ಅಲ್ಲೋಗಿ ನಿನ್ನ ಮಂಗಾಟ ಸುರು ಮಾಡ್ಬ್ಯಾಡ ಕಣ್ಲಾ."

ಬಾವ ಮಳವಳ್ಳಿ ಆಚೆಯ ಕುಡಿತ ಬಿಡಿಸುವ ಕೇಂದ್ರದಲ್ಲಿ ಇದ್ದರು. ಒಂದು ವರ್ಷ ಅಲ್ಲೇ ವಾಸ. ಅರ್ಧಕ್ಕಿಂತ ಹೆಚ್ಚು ಕಳೆದ ಮೇಲೆ ಈಗ ಮೊದಲ ಸಲ ಎರಡು ದಿನಕ್ಕೆ ಮನೆಗೆ ಬಿಡುತ್ತಿದ್ದರು. ಅಕ್ಕ ಅಡುಗೆಗೆ ನಿಂತಳು, ನಾನು ಹೊರಟೆ. ಮದುವೆ ಮನೆಗಳಲ್ಲಿ ಮಿಮಿಕ್ರಿ ಮಾಡುವವನಿಗೆ ಭಾನುವಾರವೂ ಬಿಡುವಿದೆ ಎಂದರೆ ಅವನ ಬೇಡಿಕೆ ಎಷ್ಟೆಂದು ನೀವೇ ತಿಳಿದುಕೊಳ್ಳಿ.

ನೇರ ಬಸ್ಸು ತಪ್ಪಿತ್ತು. ಮದ್ದೂರಿನ ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಬಂದಾಗ ಹೆಂಗಸಿನ ದನಿ ತೆಗೆದು, "ಒಂದು ಫ್ರೀ ಟಿಕೆಟ್ ಕೊಡಿ ಅಣ್ಣಾ" ಎಂದೆ. ಅವರು ತಲೆ ಎತ್ತದೆ, "ಆಧಾರ್ ತೋರ್ಸವ್ವಾ. ಮೀಸೆ ಇರೋ ಫೋಟೋ ಆಗಕಿಲ್ಲ" ಎಂದರು. ಬಸ್ಸೆಲ್ಲ ನಕ್ಕಿತು. ತೆಪ್ಪಗೆ ದುಡ್ಡು ಕೊಟ್ಟೆ.

ಮದ್ದೂರಿನಲ್ಲಿ ಬಾವನಿಗೆಂದು ವಡೆ ಕಟ್ಟಿಸಿಕೊಂಡೆ. ಮಳವಳ್ಳಿಯ ಬಸ್ಸು ಕಬ್ಬಿನ ಟ್ರ್ಯಾಕ್ಟರ್ ಹಿಂದೆ ತೆವಳಿದ್ದರಿಂದ ಇಪ್ಪತ್ತೈದು ಕಿಲೋಮೀಟರಿಗೆ ಒಂದು ಗಂಟೆ ಹಿಡಿಯಿತು. ಅಷ್ಟರಲ್ಲಿ ಎರಡು ವಡೆ ನನ್ನ ಹೊಟ್ಟೆ ಸೇರಿದ್ದವು. ಅಲ್ಲಿಂದ ಪೂರಿಗಾಲಿ ಕಡೆಗೆ ಆಟೋ.

ಕೇಂದ್ರದ ಗೇಟು ಕಾಯುತ್ತಿದ್ದ ದಪ್ಪ ಮೀಸೆಯವನೂ ಚಿಕಿತ್ಸೆಗೆ ಬಂದವನೇ. ನನ್ನ ಚೀಲ ತಡಕಿ ಕೆಮ್ಮಿನ ಔಷಧಿ ಎತ್ತಿಟ್ಟುಕೊಂಡ.

"ಗಂಟಲಿಗೆ ಕಣಣ್ಣೋ," ಎಂದೆ.

"ನಮ್ಗೂ ಗಂಟ್ಲಿಗೇ ಕಣಪ್ಪಾ ಬೇಕಾಗಿದ್ದದ್ದು," ಎಂದ.

ಬಾವ ಅಡುಗೆಮನೆಯಲ್ಲಿದ್ದರು. ಮೊದಲ ಸಲ ಊರಿಗೆ ಹೊರಟವನು ಆ ದಿನ ತಾನೇ ಮುದ್ದೆ ಕಟ್ಟಿ ಎಲ್ಲರಿಗೂ ಬಡಿಸಿ ಹೋಗಬೇಕು. ಅದು ಅಲ್ಲಿನವರು ತಾವೇ ಮಾಡಿಕೊಂಡ ಪದ್ಧತಿ. ಕಾಯುತ್ತಾ ಹೊಂಗೆ ಮರದಡಿ ಕೂತೆ. ನನ್ನನ್ನು ಯಾವುದೋ ಮದುವೆಯಲ್ಲಿ ನೋಡಿದ್ದ ಒಬ್ಬ, ಮಿಮಿಕ್ರಿ ಮಾಡು ಎಂದು ಗಂಟುಬಿದ್ದ. ಕಂಡಕ್ಟರನ್ನು ಮಾಡಿದೆ, ಗೇಟಿನ ಮೀಸೆಯನ್ನು ಮಾಡಿದೆ, ಪಿಯುಸಿ ಫೇಲಾದ ನನ್ನನ್ನು ಅಪ್ಪ ಬೈದದ್ದನ್ನು ಮಾಡಿದೆ. ಗಂಡಸರೆಲ್ಲ ಬಿದ್ದು ಬಿದ್ದು ನಕ್ಕರು.

"ಒಬ್ಬ ಕುಡುಕುನ್ನ ಮಾಡ್ಲಾ!" ಎಂದು ಯಾರೋ ಕೂಗಿದರು.

ನನ್ನ ಹತ್ತಿರ ಇರುವುದು ಒಬ್ಬನೇ ಕುಡುಕ. ಎದ್ದು ನಿಂತೆ. ನಡುಗುವ ಕೈಯಲ್ಲಿ ಚಿಲಕ ಹುಡುಕಿದೆ. ಗಾಳಿಯಲ್ಲೇ ಬಾಗಿಲು ತಟ್ಟಿದೆ. "ಲೇ ಇವ್ಳೇ... ಬಾಗ್ಲು ತಗಿಯೇ... ಕುಡ್ದಿಲ್ಲ ಕಣೇ ನಾನು..." ಛತ್ರಗಳಲ್ಲಿ ಇಲ್ಲಿಗೆ ಸಿಳ್ಳೆ ಬೀಳುತ್ತದೆ. ಇಲ್ಲಿ ಒಬ್ಬಿಬ್ಬರು ನಕ್ಕು ನಿಲ್ಲಿಸಿದರು. ಒಬ್ಬೊಬ್ಬರೇ ತಲೆ ತಗ್ಗಿಸಿದರು. ದನಿ ಸಾಲದೇನೋ ಎಂದುಕೊಂಡು ನಾನು ಇನ್ನೂ ಜೋರಾಗಿ ತಟ್ಟಿದೆ, ಇನ್ನೂ ತೊದಲಿದೆ.

ತಿರುಗಿದರೆ ಅಡುಗೆಮನೆ ಬಾಗಿಲಲ್ಲಿ ಬಾವ. ಕೈತುಂಬ ರಾಗಿಹಿಟ್ಟು.

"ನನ್ನ ಕೈ ಇಂಗೇ ನಡುಗ್ತಿತ್ತೇನ್ಲಾ?"

"ಸುಮ್ನೆ... ತಮಾಸೆಗೆ ಬಾವ."

"ಚೆನ್ನಾಗ್ ಮಾಡ್ತೀಯ ಬುಡು. ಮದ್ವೆ ಮನೇಲೂ ಇದ್ನೇ ಮಾಡ್ತೀಯಾ?"

ಅಷ್ಟು ದನಿಗಳಿರುವ ನನಗೆ ಸುಳ್ಳು ಹೇಳಲು ಒಂದೂ ಸಿಗಲಿಲ್ಲ.

ಊಟಕ್ಕೆ ಕೂತೆವು. ಬಾವ ಸಾಲಿನಲ್ಲಿ ಬಡಿಸುತ್ತಾ ಬಂದು ನನ್ನ ತಟ್ಟೆಗೂ ಮುದ್ದೆ ಇಟ್ಟರು. ನುಣ್ಣಗೆ, ಗುಂಡಗೆ ಇತ್ತು. ಕೈ ಒಂದಿಷ್ಟೂ ಅಲುಗಲಿಲ್ಲ. ಮುದ್ದೆ ಅಗಿಯಬಾರದು, ನುಂಗಬೇಕು ಅಂತಾರೆ. ನಾನು ಅಗಿಯುತ್ತಾ ಕೂತೆ.

ಕೈ ತೊಳೆದು ಬಂದ ಬಾವ ಕಟ್ಟಿದ್ದ ಚೀಲ ಬಿಚ್ಚತೊಡಗಿದರು. "ನಾನ್ ಬರಾಕಿಲ್ಲ. ನಿಮ್ಮಕ್ಕನಿಗೆ ಮುಂದಿನ ತಿಂಗ್ಳು ಅನ್ನು. ಊರೆಲ್ಲ ನಕ್ಕಿರೋ ಬಾಗ್ಲು ಕಣ್ಲಾ ಅದು."

ಗೇಟಿನ ಮೀಸೆ ಒಳಗೆ ಬಂದ. "ಮುದ್ದೆ ಬಡ್ಸಿದ್ಮೇಲೆ ಓಗ್ಲೇಬೇಕು ಕಣಯ್ಯಾ. ಉಂಡಿರೋ ನಮ್ಗೆಲ್ಲಾ ಏನ್ ಮರ್ಯಾದೆ?" ಎಂದು ಬಟ್ಟೆಗಳನ್ನು ತಾನೇ ಮತ್ತೆ ಚೀಲಕ್ಕೆ ತುರುಕಿದ. ನನ್ನ ಔಷಧಿ ವಾಪಸು ಕೊಟ್ಟಾಗಲೂ ನನ್ನ ಮುಖ ನೋಡಲಿಲ್ಲ.

ಮದ್ದೂರಿನವರೆಗೆ ಬಾವ ಕಿಟಕಿಯಾಚೆ ನೋಡಿದರು, ನಾನು ಮುಂದಿನ ಸೀಟಿನ ಕಂಬಿ ನೋಡಿದೆ. ಉಳಿದ ವಡೆಗಳು ತಣ್ಣಗಾಗಿ ನನ್ನ ತೊಡೆಯ ಮೇಲಿದ್ದವು. ಕಂಡಕ್ಟರಿಗೆ ನನ್ನದೇ ದನಿಯಲ್ಲಿ ಎರಡು ಟಿಕೆಟ್ ಕೇಳಿದೆ.

ಸಂಜೆ ಮಂಡ್ಯದ ಮನೆ ಮುಟ್ಟಿದಾಗ ಬಾಗಿಲು ಮುಚ್ಚಿತ್ತು. ಒಳಗೆ ಒಗ್ಗರಣೆಯ ಸದ್ದು. ಬಾವ ಕೈ ಎತ್ತಿದರು, ನನ್ನ ಕಡೆ ನೋಡಿದರು, ಕೈ ಇಳಿಸಿ ಮೆಟ್ಟಿಲ ಮೇಲೆ ಕೂತರು. ನನಗೂ ತಟ್ಟಲು ಆಗಲಿಲ್ಲ. ಪಕ್ಕದಲ್ಲಿ ಕೂತೆ.

ಎಷ್ಟೋ ಹೊತ್ತಿನ ಮೇಲೆ ಅಕ್ಕ ದಾರಿ ನೋಡಲು ತಾನೇ ಬಾಗಿಲು ತೆಗೆದಳು. ಗಂಡನನ್ನು ಕಂಡು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನನ್ನ ಮೇಲೆ ರೇಗಿದಳು.

"ಬಂದು ಇಲ್ಲೇ ಕೂತಿದ್ದೀರಲ್ಲಾ, ಬಾಗ್ಲು ತಟ್ಟಕ್ಕೆ ಏನಾಗಿತ್ಲಾ ನಿಂಗೆ?"