ಕೆಳಮನೆಗೆ ಇಳಿಯುವ ಬಿಸಿನೀರು

ತೈಸಿಯಾ ಇವಾನೋವ್ನಾ ರಷ್ಯಾದ ಯಾರೋಸ್ಲಾವ್ಲ್ ಊರಿನ ಟ್ರಾಮ್ ಗಾಡಿಗಳಲ್ಲಿ ಆಯುಷ್ಯವೆಲ್ಲ ಟಿಕೆಟ್ ಹರಿದವಳು. ಗದ್ದಲದಲ್ಲಿ ಕೂಗಿ ಕೂಗಿ ಗಟ್ಟಿಯಾಗಿದ್ದ ಅವಳ ದನಿ ಗಂಡ ಅರ್ಕಾದಿ ತೀರಿಕೊಂಡ ಮೇಲೆ ಇಳಿದುಹೋಯಿತು. ಅವಳು ಅತ್ತದ್ದನ್ನು ಯಾರೂ ಕಾಣಲಿಲ್ಲ. ಉಣ್ಣುತ್ತಿದ್ದಳು, ಪಾತ್ರೆ ತೊಳೆಯುತ್ತಿದ್ದಳು. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ನಾಲಿಗೆಗೆ ತಿಳಿಯುತ್ತಿರಲಿಲ್ಲ.

ಬೇಸಗೆಯಲ್ಲಿ, ಚಳಿಗಾಲಕ್ಕೆ ಬಿಸಿನೀರು ಹರಿದು ಮನೆಗಳನ್ನು ಬೆಚ್ಚಗಿಡುವ ಕಟ್ಟಡದ ಕೊಳವೆಗಳು ತಣ್ಣಗಿರುವ ಹೊತ್ತಿಗೆ, ನಲ್ಲಿ ಕೆಲಸದ ಸವೇಲಿಯನ್ನು ಕರೆಸಿ ಅರ್ಕಾದಿಯ ಕೋಣೆ ತೋರಿಸಿದಳು. ಕಿಟಕಿಯ ಕೆಳಗೆ ಆ ನೀರಿನಿಂದ ಕಾಯುವ ಎರಕದ ಕಬ್ಬಿಣದ ಹಳೆಯ ರೇಡಿಯೇಟರ್. ಎದೆಯ ಕಾಯಿಲೆಯ ಅರ್ಕಾದಿ ಚಳಿಗಾಲವೆಲ್ಲ ಅದಕ್ಕೆ ಬೆನ್ನು ಕೊಟ್ಟೇ ಕೂತಿರುತ್ತಿದ್ದ.

"ಇದನ್ನ ಕಿತ್ತುಹಾಕು. ಕೊಳವೆಗೆ ಮುಚ್ಚಳ ಬಿಗಿ. ಈ ಕೋಣೆಗೆ ಬಿಸಿ ಬೇಡ. ಇನ್ಯಾರಿಗೆ ಅಂತ?"

"ಕೀಳ್ತೀನಿ, ತೈಸಿಯಾ ಇವಾನೋವ್ನಾ. ಮುಚ್ಚಳ ಮಾತ್ರ ಆಗಲ್ಲ. ನೀರು ಮೇಲಿಂದ ಈ ಕೋಣೆ ದಾಟಿಯೇ ಕೆಳಗಿನ ಮನೆಗಳಿಗೆ ಇಳಿಯೋದು. ಕಟ್ಟಿದ್ರೆ ಜನವರೀಲಿ ರಿಮ್ಮಕ್ಕ ಬಂದು ಬಾಗಿಲು ಬಡೀತಾರೆ."

ಕೆಳಮನೆಯ ರಿಮ್ಮಾ ಆಗಲೇ ಹೊಸ್ತಿಲಲ್ಲಿ ನಿಂತಿದ್ದಳು. "ಬಡಿಯೋದೇನು? ನಿನ್ನ ಹಾಸಿಗೇಲೇ ಬಂದು ಮಲಗ್ತೀನಿ, ತೈಸಿಯಾ. ನನ್ನ ಗೊರಕೆ ಕೇಳಿದೀಯಲ್ಲ!"

ತೈಸಿಯಾ ನಗಲಿಲ್ಲ. "ಹಾಗಾದ್ರೆ ಕೊಳವೇನ ಗೋಡೆಯೊಳಗೆ ಹೂತುಬಿಡು, ಕಣ್ಣಿಗೆ ಬೀಳಬಾರದು. ಅಳಿಯ ಪ್ಲಾಸ್ಟಿಕ್ ಕೊಳವೆ ತಂದಿಟ್ಟಿದಾನೆ."

"ಬಿಸಿನೀರಿನ ಕಾವಿಗೆ ಪ್ಲಾಸ್ಟಿಕ್ಕು ಉಬ್ಬಿ ಬಾಗುತ್ತೆ. ಗೋಡೆಯೊಳಗೆ ಸೋರಿದ್ರೆ ಗಾರೆ ಉದುರೋವರೆಗೂ ಗೊತ್ತಾಗಲ್ಲ. ಮೂಲೇಲಿ ನೆಟ್ಟಗೆ ಒಂದು ಕಬ್ಬಿಣದ ಕೊಳವೆ ಇಳಿಸ್ತೀನಿ. ಬೇಕಾದ್ರೆ ಬಿಳಿ ಬಣ್ಣ ಬಳೀತೀನಿ."

"ಏನಾದ್ರೂ ಮಾಡು," ಎಂದಳು ತೈಸಿಯಾ.

ಕೆಲಸ ಮುಗಿದ ಮೇಲೆ ಆ ಕೋಣೆಯ ಬಾಗಿಲೆಳೆದುಕೊಂಡಳು. ಬೇಸಗೆ ಮುಗಿಯುವವರೆಗೂ ತೆರೆಯಲಿಲ್ಲ.

ಅಕ್ಟೋಬರಿನಲ್ಲಿ ಊರಿಗೆಲ್ಲ ಬಿಸಿನೀರು ಬಿಟ್ಟರು. ಅಂದು ರಿಮ್ಮಾ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದಳು. "ನಮ್ಮನೆ ಇನ್ನೂ ಹೆಣದ ಹಾಗೆ ತಣ್ಣಗಿದೆ ಕಣೇ!" ಎಂದವಳೇ ನಾಲಿಗೆ ಕಚ್ಚಿಕೊಂಡಳು. "ನಿನ್ನ ಕೊಳವೆಗೆ ಬಂತಾ ನೋಡು, ತಾಯಿ."

ತೈಸಿಯಾ ಬಾಗಿಲು ತಳ್ಳಿ ಒಳಗೆ ಹೋಗಿ ಕೊಳವೆಯನ್ನು ಹಿಡಿದು ನಿಂತಳು. ತಣ್ಣಗಿತ್ತು. ರಿಮ್ಮಾ ತಾನು ಉಪ್ಪಿಗೆ ಹಾಕಿದ ಎಲೆಕೋಸಿನ ಕಥೆ ತೆಗೆದಳು. ಮೇಲೆಲ್ಲೋ ಕೊಳವೆಯೊಳಗಿನ ಗಾಳಿ ಗುಳುಗುಳು ಎಂದಿತು.

"ಬಂತೇನೇ?"

"ಗೊತ್ತಾಗ್ತಿಲ್ಲ."

ರಿಮ್ಮಾ ತಾನೇ ಮುಟ್ಟಿ ನೋಡಿ ಚೀರಿದಳು. "ಅಯ್ಯೋ, ಕೆಂಡ ಕಣೇ! ಬಿಡೇ ಕೈನ!" ಎಂದು ಅವಳ ಮಣಿಕಟ್ಟು ಹಿಡಿದು ಎಳೆದಳು.

ತೈಸಿಯಾ ಕೆಂಪಗಾದ ಅಂಗೈಯನ್ನು ಬಹಳ ಹೊತ್ತು ನೋಡಿದಳು.

"ಉರೀತಿದೆ, ರಿಮ್ಮಾ."

"ಉರೀದೆ ಇನ್ನೇನು? ನಡಿ," ಎಂದು ರಿಮ್ಮಾ ಅವಳನ್ನು ಅಡುಗೆಮನೆಗೆ ಕರೆದೊಯ್ದು ಕೈಯ ಮೇಲೆ ತಣ್ಣೀರು ಬಿಟ್ಟಳು.